ಕೂದಲು, ಕಾಗದ, ಪ್ಲಾಸ್ಟಿಕ್

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಯಾವುದೇ ಸಮಾರಂಭಕ್ಕೆ ಹೋದರೂ ಕೊರಳಿಗೊಂದು ಬಿಳಿ ಶಲ್ಯ ಬೀಳುತ್ತದೆ. ಅದರ ಹೆಸರು ಖತಾ. (ಬೆಂಗಳೂರಿನ ಎ ಖಾತಾ, ಬಿ ಖಾತಾಕ್ಕೂ ಇದಕ್ಕೂ ಸಂಬಂಧ ಇಲ್ಲ!) ಅತಿಥಿ ಬಂದಾಗ, ಮದುವೆಯಲ್ಲಿ, ಲಾಮಾಗಳ ದರ್ಶನದಲ್ಲಿ, ಕೊನೆಗೆ ಸಾವಿನ ಮನೆಯಲ್ಲೂ ಖತಾ ಬೇಕೇ ಬೇಕು. 1966ರಲ್ಲಿ ಇಲ್ಲಿ ನಿರಾಶ್ರಿತರ ಕ್ಯಾಂಪ್ ಶುರುವಾಯಿತು. ಆಮೇಲೆ ದ್ರೆಪುಂಗ್, ಗಾಂಡೆನ್ ಮಠಗಳು ಇಲ್ಲೇ ಮತ್ತೆ ತಲೆಯೆತ್ತಿದವು. ಹಿಂದಿನ ಕಾಲದಲ್ಲಿ ಉತ್ತಮ ಖತಾ ಅಂದರೆ ರೇಷ್ಮೆಯದು. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಪಾಲಿಯೆಸ್ಟರ್, ಇಲ್ಲವೇ ರೇಯಾನ್. ಕಡಿಮೆ ದುಡ್ಡಿಗೆ ಸಿಗುತ್ತದೆ, ಕೊಳ್ಳುವವರಿಗೂ ಅದು ಗೊತ್ತು. ಅದರಿಂದ ಗೌರವವೇನೂ ಕಮ್ಮಿ ಆಗೋದಿಲ್ಲ.

ಅದೇ ಪಾಲಿಯೆಸ್ಟರ್ ನೂಲು ಸೀರೆಯಾಗಿ, ಮೈಮೇಲೆ ‘ಪ್ಯೂರ್ ಸಿಲ್ಕ್’ ಅನ್ನೋ ಚೀಟಿ ಅಂಟಿಸಿಕೊಂಡು, ಹತ್ತು ಸಾವಿರ ರೂಪಾಯಿಗೆ ಶೋಕೇಸಿನಲ್ಲಿ ಕೂತರೆ? ಆಗ ಮೋಸ. ತಪ್ಪು ನೂಲಿನದಲ್ಲ, ಚೀಟಿಯದು. ಇಷ್ಟು ತಲೆಯಲ್ಲಿಟ್ಟುಕೊಂಡರೆ ಅಸಲಿ–ನಕಲಿ ವಿಚಾರ ಅರ್ಧ ತಿಳಿಯಾದ ಹಾಗೆ.

ಉಳಿದರ್ಧಕ್ಕೆ ಒಂದು ಬೆಂಕಿಕಡ್ಡಿ ಸಾಕು. ಬಟ್ಟೆಯ ನಾಲ್ಕು ಎಳೆ ಸುಟ್ಟು ಮೂಸಿ ನೋಡುವ ಹಳೇ ಪರೀಕ್ಷೆ ಇದೆಯಲ್ಲ, ಅದರಲ್ಲಿ ಬರುವುದು ಮುಖ್ಯವಾಗಿ ಮೂರು ವಾಸನೆ. ಮೂರಕ್ಕೂ ಒಂದೊಂದು ಚರಿತ್ರೆ ಇದೆ.

ಮೊದಲನೆಯದು ಕೂದಲು ಸುಟ್ಟ ವಾಸನೆ. ಇದು ಅಸಲಿ ರೇಷ್ಮೆ. ಹುಳು ನೂಲುವ ಎಳೆಯೂ ನಮ್ಮ ಕೂದಲಿನ ಹಾಗೇ ಪ್ರೋಟೀನು. ಬೆಂಕಿಯಿಂದ ತೆಗೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ, ಉಳಿದ ಕರಿ ಬೂದಿ ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಸಾಕಿಸಿದ. ನೂರು ವರ್ಷದ ಮೇಲೆ ಜಮ್ಶೆಡ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿ ಪಕ್ಕದ ‘ಟಾಟಾ ಸಿಲ್ಕ್ ಫಾರ್ಮ್’ ಬಸ್‌ ಸ್ಟಾಪಿನಲ್ಲಿ ಈಗ ಉಳಿದಿರೋದು ಆ ಹೆಸರೊಂದೇ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಮೈಸೂರಿನಲ್ಲಿ ನೇಯ್ಗೆ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಮೈಸೂರು ಸಿಲ್ಕ್ ಅದರ ಕೂಸು.

ಎರಡನೆಯದು ಕಾಗದ ಸುಟ್ಟ ವಾಸನೆ. ಇದು ರೇಯಾನ್. ಭಗ್ಗನೆ ಉರಿದು ಹಗುರ ಬೂದಿಯಾಗುತ್ತದೆ. ಆಶ್ಚರ್ಯವೇನಿಲ್ಲ, ಕಾಗದದ ಹಾಗೆ ಇದೂ ಮರದ ತಿರುಳಿನಿಂದ ಆದದ್ದು. 19ನೇ ಶತಮಾನದಲ್ಲಿ ರೋಗ ಬಂದು ಫ್ರಾನ್ಸಿನ ರೇಷ್ಮೆಹುಳುಗಳು ಸತ್ತವು. ಹುಳು ಇಲ್ಲದೆ ರೇಷ್ಮೆ ಮಾಡೋದು ಹೇಗೆ ಅನ್ನೋ ಹುಡುಕಾಟ ಜೋರಾಯಿತು. ಶಾರ್ಡೊನೆ ಎಂಬಾತ 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕೃತಕ ರೇಷ್ಮೆ ತೋರಿಸಿದ. 1892ರಲ್ಲಿ ಇಂಗ್ಲೆಂಡಿನಲ್ಲಿ ವಿಸ್ಕೋಸ್ ವಿಧಾನ ಬಂತು. ‘ಆರ್ಟಿಫಿಶಿಯಲ್ ಸಿಲ್ಕ್’ ಅನ್ನೋದನ್ನು ಮೊಟಕು ಮಾಡಿ ‘ಆರ್ಟ್ ಸಿಲ್ಕ್’ ಅಂದರು. ಅಲ್ಲಿ ಕಲೆ ಏನೂ ಇಲ್ಲ, ಅದು ಬರೀ ಅರ್ಧ ನುಂಗಿದ ಪದ!

1930ರ ದಶಕದಲ್ಲಿ ಜಪಾನು, ಚೀನಾಗಳಿಂದ ಬಂದ ಅಗ್ಗದ ರೇಷ್ಮೆ, ಜೊತೆಗೆ ಈ ಕೃತಕ ರೇಷ್ಮೆ ಎರಡೂ ಸೇರಿ ಮೈಸೂರಿನ ರೇಷ್ಮೆ ರೈತರನ್ನು ನೆಲಕ್ಕೆ ಕೆಡವಿದವು. ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆದು 1934ರಲ್ಲಿ ರಕ್ಷಣಾ ಸುಂಕ ಬಂತು. ಇನ್ನು ಇಳಕಲ್ಲಿನ ನೇಕಾರರು ಕೃತಕ ರೇಷ್ಮೆಯನ್ನೂ ನೇಯ್ದರು, ಆದರೆ ಅದಕ್ಕೆ ‘ಚಮಕಾ’ ಅಂತ ಬೇರೆ ಹೆಸರೇ ಇಟ್ಟರು. ಹಾಗಾಗಿ ಗಿರಾಕಿ ಸೀದಾ ಕೇಳಬಹುದು: “ಇದು ಚಮಕಾನೋ, ರೇಷ್ಮಿನೋ?” ಹೆಸರು ಸರಿಯಾಗಿದ್ದರೆ ನಕಲಿ ಅನ್ನೋ ಮಾತೇ ಏಳೋದಿಲ್ಲ.

ಮರದ ತಿರುಳಿಗೆ ಕಾಡು ಬೇಕಲ್ಲ? ಮುಂಡಗೋಡ–ಹಳಿಯಾಳದ ಕಡೆಯವರಿಗೆ ದಾಂಡೇಲಿಯ ಕಾಗದದ ಕಾರ್ಖಾನೆ, ಅದಕ್ಕೆ ಹೋದ ಬಿದಿರು ಗೊತ್ತೇ ಇದೆ. ರೇಯಾನಿನ ತಿರುಳು ಮಾಡುವ ಕಾರ್ಖಾನೆ ತುಂಗಭದ್ರೆಯ ದಂಡೆಯ ಮೇಲೆ, ಹರಿಹರದ ಹತ್ತಿರ, 1972ರಲ್ಲಿ ಶುರುವಾಯಿತು. ಅದಕ್ಕೆ ನೀಲಗಿರಿ ಮರ ಒದಗಿಸಲು 1984ರಲ್ಲಿ ಸರ್ಕಾರ ಮತ್ತು ಆ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಜಮೀನು ಅದರ ಪಾಲಿಗೆ ಅಂತ ಲೆಕ್ಕ. ಊರವರು ದನ ಮೇಯಿಸುವ, ಸೌದೆ ಆಯುವ ಜಾಗವೇ ಅದು. ಮುಂಡಗೋಡಕ್ಕೆ ತಾಗಿದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದ ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೊ–ಹಚ್ಚಿಕೊ’. ಆ ಸೀಮೆಯಲ್ಲಿ ‘ಹಚ್ಚು’ ಅಂದರೆ ನೆಡು. ಶಿವರಾಮ ಕಾರಂತರೂ ಸೇರಿ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿತ್ತು. ಕೊನೆಗೆ ಆ ಕಂಪನಿ ಬಾಗಿಲು ಹಾಕಿತು. ರೇಯಾನ್ ಹುಳುವನ್ನು ಕೊಲ್ಲೋದಿಲ್ಲ, ನಿಜ. ಆದರೆ ಅದಕ್ಕೂ ಯಾರದೋ ಗೋಮಾಳ ಬೇಕಿತ್ತು.

ಮೂರನೆಯದು ಪ್ಲಾಸ್ಟಿಕ್ ವಾಸನೆ. 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಪಾಲಿಯೆಸ್ಟರ್ ಇದು, ಪೆಟ್ರೋಲಿಯಂ ಸಂತಾನ. ಉರಿಯುವುದಕ್ಕಿಂತ ಹೆಚ್ಚಾಗಿ ಕರಗುತ್ತದೆ, ಕರಿ ಹೊಗೆ ಬಿಡುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗಿ ಕೂರುತ್ತದೆ. ಬಿಸಿ ಮಣಿಯನ್ನು ಮುಟ್ಟಬೇಡಿ, ಬೆರಳಿಗೆ ಅಂಟಿ ಸುಡುತ್ತದೆ.

ಸುಡುವಾಗ ಒಂದು ಎಚ್ಚರ. ಹಾಸು ರೇಷ್ಮೆಯದು, ಹೊಕ್ಕು ಪಾಲಿಯೆಸ್ಟರಿನದು ಆಗಿರಬಹುದು. ಹಾಗಾಗಿ ಸೀರೆಯ ಕತ್ತರಿಸಿದ ತುದಿಯಿಂದ ಉದ್ದ ಎಳೆ, ಅಡ್ಡ ಎಳೆ ಎರಡನ್ನೂ ತೆಗೆದು ಬೇರೆಬೇರೆ ಸುಡಿ. ಸೆರಗಿನ ಕುಚ್ಚಿನ ನೂಲು ಬೇಡ, ಅದು ಆಮೇಲೆ ಕಟ್ಟಿದ್ದಿರಬಹುದು. ಉಂಗುರದೊಳಗೆ ಸೀರೆ ತೂರಿಸಿ ತೋರಿಸುವ ಸೇಲ್ಸ್‌ಮನ್‌ಗೆ ಒಂದು ಚಪ್ಪಾಳೆ ಸಾಕು, ತೆಳ್ಳಗಿನ ಪಾಲಿಯೆಸ್ಟರೂ ಹಾಗೇ ತೂರುತ್ತದೆ.

ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರೋಕಾಗಲ್ಲವಲ್ಲ? ಅದಕ್ಕೇ 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ‘ಸಿಲ್ಕ್ ಮಾರ್ಕ್’ ತಂದಿತು. ದಿನಾ ಅರ್ಧ ಗಂಟೆ ಹಾರ್ನ್ ಕೇಳುತ್ತಾ ಕಳೀತೀರಲ್ಲ, ಆ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಹೆಸರು ಕೊಟ್ಟದ್ದು ಇದೇ ಮಂಡಳಿಯ ಕಚೇರಿ. ಆ ಲೇಬಲ್ಲು ಇದ್ದರೆ ನೂಲು ನೈಸರ್ಗಿಕ ರೇಷ್ಮೆ ಅಂತ ಖಾತ್ರಿ. ಅದು ಇಲ್ಲದಿದ್ದರೆ ಬಿಲ್ಲಿನ ಮೇಲೆ ‘ಶುದ್ಧ ಮಲ್ಬರಿ ರೇಷ್ಮೆ’ ಅಂತ ಬರೆಸಿಕೊಳ್ಳಿ. ‘ಸೆಮಿ ಸಿಲ್ಕ್’, ‘ಸಿಲ್ಕ್ ಫೀಲ್’, ‘ಆರ್ಟ್ ಸಿಲ್ಕ್’ ಅಂತ ಬರೆದರೆ ಅದು ಶುದ್ಧ ರೇಷ್ಮೆ ಅಲ್ಲ. ಇಷ್ಟವಾದರೆ ಧಾರಾಳವಾಗಿ ಕೊಳ್ಳಿ, ಆದರೆ ಅದರ ಬೆಲೆಗೇ ಕೊಳ್ಳಿ. ಬರೆದುಕೊಡೋಕೆ ಅಂಗಡಿಯವರು ಹಿಂದೆಮುಂದೆ ನೋಡಿದರೆ, ಆ ಸೀರೆಯ ಎಳೆ ಸುಡುವ ಅಗತ್ಯವೇ ಬೀಳೋದಿಲ್ಲ.