ಕೂಪನ್ನು ಕತ್ತರಿಸಿದ ಉಡುಪು

೧೯೪೧ನೆಯ ಇಸವಿ ಜೂನ್ ೧, ಭಾನುವಾರ. ಬ್ರಿಟನ್ನಿನ ವಾಣಿಜ್ಯ ಮಂಡಲಿಯ ಅಧ್ಯಕ್ಷ ಆಲಿವರ್ ಲಿಟಲ್‌ಟನ್ನರು ರೇಡಿಯೋದಲ್ಲಿ ಮಾತನಾಡಿ, ಅಂದಿನಿಂದಲೇ ಬಟ್ಟೆಗೂ ರೇಷನ್ನೆಂದು ಸಾರಿದರು. ಜನರು ಮುಂಚಿತವಾಗಿ ಕೊಂಡು ಬಚ್ಚಿಡದಿರಲೆಂದು ಸುದ್ದಿಯನ್ನು ಬಹು ಗುಟ್ಟಾಗಿಟ್ಟಿದ್ದರು. ಹೊಸ ಕೂಪನ್ನು ಅಚ್ಚುಹಾಕಿಸಿದರೆ ಗುಟ್ಟು ಬಯಲಾದೀತೆಂದು, ಆಹಾರದ ಪುಸ್ತಕದಲ್ಲಿ ಮಿಕ್ಕಿದ್ದ ಮಾರ್ಗರೀನಿನ ಕೂಪನ್ನುಗಳನ್ನೇ ಮೊದಲು ಬಳಸಿದರು!

ಮೊದಲ ವರ್ಷ ತಲೆಗೆ ೬೬ ಕೂಪನ್ನು. ಉಣ್ಣೆಯ ಉಡುಪಿಗೆ ೧೧, ಹತ್ತಿಯದಕ್ಕೆ ೭, ಒಂದು ಜೊತೆ ಕಾಲುಚೀಲಕ್ಕೆ ೨. ಹಣವನ್ನಂತೂ ಬೇರೆಯಾಗಿಯೇ ತೆರಬೇಕು. ತೊಡಕಿದ್ದುದು ಇಲ್ಲಿಯೇ. ಉಡುಪು ಅಗ್ಗದ್ದಾಗಲಿ ದುಬಾರಿಯದಾಗಲಿ, ಕೂಪನ್ನು ಅಷ್ಟೇ. ಸಿರಿವಂತೆಯ ಹನ್ನೊಂದಕ್ಕೆ ವರ್ಷಗಟ್ಟಲೆ ಬಾಳುವ ಬಟ್ಟೆ ಬರುತ್ತಿತ್ತು. ಬಡವಿಯ ಹನ್ನೊಂದಕ್ಕೆ ಬೇಗನೆ ಸವೆಯುವ ಬಟ್ಟೆ. ಸಮನಾಗಿ ಹಂಚಿಯೂ ಸಮವಾಗಲಿಲ್ಲ. ಈ ಕೊರತೆಯನ್ನು ನೀಗಲು ಬಂದುದು ‘ಯುಟಿಲಿಟಿ’ ಬಟ್ಟೆ. ಸರ್ಕಾರವೇ ಅದರ ಗುಣವನ್ನೂ ಬೆಲೆಯನ್ನೂ ಗೊತ್ತುಮಾಡಿ ‘ಸಿ.ಸಿ. ೪೧’ ಎಂಬ ಮುದ್ರೆಯೊತ್ತಿಸಿತು.

೧೯೪೨ರಲ್ಲಿ ದರ್ಜಿಯ ಕತ್ತರಿಗೂ ಕಟ್ಟಳೆಯಾಯಿತು. ಒಂದು ಉಡುಪಿಗೆ ಎರಡು ಜೇಬು, ಐದು ಗುಂಡಿ, ನೆರಿಗೆಗೂ ಎಣಿಕೆ, ಕಸೂತಿ ನಿಷಿದ್ಧ. ಸೀರೆಯ ನೆರಿಗೆಯನ್ನೆಣಿಸಲು ಸರ್ಕಾರದ ಗುಮಾಸ್ತೆಯೊಬ್ಬ ನಮ್ಮ ಮನೆಗಳಿಗೆ ಬಂದಿದ್ದರೆ ಆತನ ಗತಿ ಏನಾಗುತ್ತಿತ್ತೋ ನಾನರಿಯೆ. ಆದರೆ ಅಲ್ಲಿ ರಾಣಿಯ ಉಡುಪುಗಳನ್ನು ಸಿದ್ಧಪಡಿಸುತ್ತಿದ್ದ ನಾರ್ಮನ್ ಹಾರ್ಟ್‌ನೆಲ್, ಹಾರ್ಡಿ ಏಮಿಸ್ ಮೊದಲಾದವರೇ ಈ ಕಟ್ಟಳೆಗೊಳಪಟ್ಟು ಯುಟಿಲಿಟಿಗೆ ಮಾದರಿಗಳನ್ನು ರಚಿಸಿಕೊಟ್ಟರು. ಚೌಕಾಕಾರದ ಹೆಗಲು, ಒತ್ತಿದ ನಡು, ಮೊಣಕಾಲಿನ ಬಳಿಯೇ ನಿಲ್ಲುವ ಕಿರಿದಾದ ಲಂಗ: ಇದೇ ಆ ಕಾಲದ ಹೆಂಗಸಿನ ಆಕೃತಿಯಾಯಿತು. ಅಂದವೆನ್ನಲು ಅನೇಕರು ಹಿಂಜರಿದರು. ನನಗಾದರೋ ಅದರ ಮಿತವೇ ಹಿತವೆನಿಸುತ್ತದೆ.

ರೇಷ್ಮೆಯು ಪ್ಯಾರಾಚೂಟಿಗೆ ಹೋದುದರಿಂದ ಕಾಲುಚೀಲ ಕಣ್ಮರೆಯಾಯಿತು. ತರುಣಿಯರು ಕಾಲಿಗೆ ಕಂದುಬಣ್ಣ ಬಳಿದು, ಹಿಂಬದಿಯಲ್ಲಿ ಹುಬ್ಬಿನ ಪೆನ್ಸಿಲಿನಿಂದ ಹೊಲಿಗೆಯ ಗೆರೆಯನ್ನೆಳೆದುಕೊಂಡರು. ಕೇಳಿ ನಗುವವರು ನಗಲಿ. ಬಾಂಬಿನಡಿಯಲ್ಲಿ ಕೆಲಸಕ್ಕೆ ನಡೆದವಳಿಗೆ ಅದು ಮಾನದ ಪ್ರಶ್ನೆ. ಕಿಟಕಿಗೆ ಹಾಕುವ ಕಪ್ಪು ಬಟ್ಟೆಗೆ ಕೂಪನ್ನು ಬೇಕಿರಲಿಲ್ಲ, ಅದೂ ಉಡುಪಾಯಿತು. ಕಾರ್ಖಾನೆಯ ಯಂತ್ರಕ್ಕೆ ಕೂದಲು ಸಿಕ್ಕದಿರಲೆಂದು ಕಟ್ಟಿಕೊಂಡ ತಲೆವಸ್ತ್ರವು ಬೀದಿಗೂ ಬಂದಿತು.

೧೯೪೫ರಲ್ಲಿ ಯುದ್ಧ ಮುಗಿದರೂ ಕೂಪನ್ನು ಮುಗಿಯಲಿಲ್ಲ. ೧೯೪೭ರ ಫೆಬ್ರವರಿಯಲ್ಲಿ ಪ್ಯಾರಿಸಿನ ಕ್ರಿಸ್ತಿಯಾನ್ ದಿಯೋರ್ ಗಜಗಟ್ಟಲೆ ಬಟ್ಟೆಯ ವಿಶಾಲವಾದ ಲಂಗಗಳನ್ನು ಮೆರೆಸಿದಾಗ, ಲಂಡನ್ನಿನ ಗೃಹಿಣಿ ಪುಸ್ತಕದ ಹಾಳೆಗಳನ್ನೆಣಿಸುತ್ತಲೇ ಇದ್ದಳು. ಅದೇ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ತಳ ಮದುವೆ. ದೇಶದ ಹೆಂಗಸರು ತಮ್ಮ ಕೂಪನ್ನುಗಳನ್ನು ಅವಳಿಗೆ ಕಳುಹಿಸಿದರು. ಒಬ್ಬರ ಕೂಪನ್ನನ್ನು ಮತ್ತೊಬ್ಬರು ಬಳಸುವುದು ಕಾನೂನಿಗೆ ವಿರುದ್ಧವೆಂದು ಅವನ್ನೆಲ್ಲ ಹಿಂದಿರುಗಿಸಬೇಕಾಯಿತು. ೧೯೪೯ರ ಮಾರ್ಚಿ ೧೫ರಂದು ಬಟ್ಟೆಯ ರೇಷನ್ನು ರದ್ದಾಯಿತು.