ವನ್ಯಜೀವಿ ನೀರುಹೊಂಡಗಳ ಸೋರಿಕೆ ಮತ್ತು ದುರಸ್ತಿ: ಬೀದರ್, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳು

ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್ ಜಿಲ್ಲೆಯ ಹುಲ್ಲುಬಯಲು ಹಾಗೂ ಕುರುಚಲು ಕಾಡುಗಳು ಕೃಷ್ಣಮೃಗಗಳ ನೆಲೆಯಾಗಿರುತ್ತವೆ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನುಸೂಚಿ 1ರಲ್ಲಿ ಸೇರಿರುವ ಈ ಪ್ರಾಣಿಗೆ ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗಿನ ಅವಧಿಯೇ ಅತ್ಯಂತ ಕಷ್ಟದ ಕಾಲ. ಅರಣ್ಯದೊಳಗಿನ ಹೊಂಡ ಬತ್ತಿದಲ್ಲಿ ಹಿಂಡುಗಳು ಹೊಲಗಳತ್ತ ಸಾಗುತ್ತವೆ. ಆಗ ರಸ್ತೆ ಅಪಘಾತ, ಬೀದಿನಾಯಿಗಳ ದಾಳಿ ಮತ್ತು ಕಟ್ಟೆಯಿಲ್ಲದ ತೆರೆದ ಬಾವಿಗಳಿಗೆ ಬೀಳುವ ಅಪಾಯ ಎದುರಾಗುತ್ತದೆ. ಆದುದರಿಂದ ಮಳೆಗಾಲದಲ್ಲಿ ತುಂಬಿ ಚಳಿಗಾಲದಲ್ಲೇ ಬರಿದಾಗುವ ಹೊಂಡವನ್ನು ದುರಸ್ತಿ ಮಾಡುವುದು ಟ್ಯಾಂಕರ್ ನೀರು ಸುರಿಯುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಒಂದೇ ಜಿಲ್ಲೆಯಾದರೂ ಸೋರಿಕೆಯ ಕಾರಣ ಎಲ್ಲೆಡೆ ಒಂದೇ ಆಗಿರುವುದಿಲ್ಲ. ಬೀದರ್ ನಗರವು ಜಂಬಿಟ್ಟಿಗೆ ಪ್ರಸ್ಥಭೂಮಿಯ ಮೇಲಿದೆ. ರಂಧ್ರಮಯವಾದ ಈ ಕೆಂಪು ಶಿಲೆಯು ನೀರನ್ನು ಹಿಡಿದಿಡುವುದಿಲ್ಲ. ಇಂಗಿದ ನೀರು ಅದರ ತಳದಲ್ಲಿರುವ ಜೇಡಿ ಪದರವನ್ನು ಮುಟ್ಟಿ, ಅಡ್ಡಲಾಗಿ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಹೊರಬರುತ್ತದೆ. ನರಸಿಂಹ ಝರಣಿ, ಪಾಪನಾಶ ಹಾಗೂ ನಾನಕ್ ಝೀರಾದ ಚಿಲುಮೆಗಳು ಹೀಗೆ ಉಂಟಾದವು. ಬಹಮನಿ ಕಾಲದ ನೌಬಾದ್ ಕರೇಜ್ ಎಂಬ ಸುರಂಗ ನೀರುಮಾರ್ಗವೂ ಇದೇ ಅಂತರ್ಜಲವನ್ನು ಆಧರಿಸಿದೆ. ಆದ್ದರಿಂದ ಪ್ರಸ್ಥಭೂಮಿಯ ಮೇಲಿನ ಪ್ರತಿಯೊಂದು ಸೋರಿಕೆಯನ್ನೂ ದೋಷವೆಂದು ಎಣಿಸುವಂತಿಲ್ಲ. ಇಂಗುಕೆರೆಗಳನ್ನು ಇಂಗಲು ಬಿಟ್ಟು, ಪ್ರಾಣಿಗಳು ಕುಡಿಯುವ ಚಿಕ್ಕ ಹೊಂಡವೊಂದಕ್ಕೆ ಮಾತ್ರ ಜೇಡಿ ತಳ ಹಾಕುವುದು ಉಚಿತ.

ಭಾಲ್ಕಿ ಮತ್ತು ಔರಾದ್ ಕಡೆಯ ಎರೆಭೂಮಿಯಲ್ಲಿ ಪರಿಸ್ಥಿತಿ ಬೇರೆ. ಎರೆಮಣ್ಣು ನೆನೆದಾಗ ಹಿಗ್ಗಿ ರಂಧ್ರಗಳನ್ನು ಮುಚ್ಚುತ್ತದೆ, ಒಣಗಿದಾಗ ಬಿರಿಯುತ್ತದೆ. ಮಣ್ಣಿನ ಪದರ ತೆಳುವಾಗಿದ್ದು ಅದರ ಕೆಳಗೆ ಮುರಂ ಅಥವಾ ಬಿರುಕುಬಿಟ್ಟ ಕರಿಕಲ್ಲು ಇದ್ದಲ್ಲಿ, ಬಿರುಕು ಅಲ್ಲಿಯವರೆಗೂ ಇಳಿದು ಮೊದಲ ಮಳೆಯ ನೀರು ಹೊಂಡದಲ್ಲಿ ನಿಲ್ಲದೆ ಹೋಗುತ್ತದೆ. ಇಲ್ಲಿ ಹೆಚ್ಚಾಗಿ ಕಂಡುಬರುವ ಇನ್ನೊಂದು ಕಾರಣ ಮನುಷ್ಯನದೇ: ಹೂಳೆತ್ತುವ ಉತ್ಸಾಹದಲ್ಲಿ ಯಂತ್ರದಿಂದ ಅತಿ ಆಳಕ್ಕೆ ಅಗೆದು, ವರ್ಷಗಟ್ಟಲೆ ಕುಳಿತು ಬಿಗಿಯಾಗಿದ್ದ ತಳದ ಜೇಡಿಯನ್ನೇ ಕಿತ್ತುಹಾಕುವುದು. ಹೊಂಡ ಆಳವಾಗಿ ಕಾಣುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ.

ಪರೀಕ್ಷೆ

ಬೇಸಿಗೆಯಲ್ಲಿ ದಿನಕ್ಕೆ ಸುಮಾರು 1 ಸೆಂ.ಮೀ.ನಷ್ಟು ನೀರು ಆವಿಯಾಗಿಯೇ ಹೋಗುವುದುಂಟು. ಇದನ್ನು ಸೋರಿಕೆಯೆಂದು ಭಾವಿಸಬಾರದು. ಅಳತೆಗೋಲನ್ನು ನೀರಿನಲ್ಲಿ ನೆಟ್ಟು, ಸೂರ್ಯಾಸ್ತಕ್ಕೆ ಹಾಗೂ ಮರುದಿನ ಸೂರ್ಯೋದಯಕ್ಕೆ ಮಟ್ಟವನ್ನು ಬರೆದುಕೊಳ್ಳಬೇಕು. ರಾತ್ರಿ ಆವಿಯಾಗುವಿಕೆ ಕಡಿಮೆಯಾದುದರಿಂದ ಈ ಇಳಿತದ ಬಹುಪಾಲು ಸೋರಿಕೆಯೇ ಆಗಿರುತ್ತದೆ. 20 ಮೀಟರ್ ಉದ್ದ, 20 ಮೀಟರ್ ಅಗಲದ ಹೊಂಡದಲ್ಲಿ 1 ಸೆಂ.ಮೀ. ಇಳಿತವೆಂದರೆ 4,000 ಲೀಟರ್ ನೀರು. ಪ್ರಾಣಿಗಳು ಕುಡಿದದ್ದರಿಂದ ಇಷ್ಟು ಇಳಿಯಲಾರದು. ಮಟ್ಟವು ಒಂದು ಎತ್ತರದಲ್ಲಿ ತಾನಾಗಿ ನಿಂತರೆ ಸೋರಿಕೆ ಆ ಎತ್ತರದ ಆಸುಪಾಸಿನ ದಡದಲ್ಲಿದೆ. ಕೊನೆಯವರೆಗೂ ಇಳಿದರೆ ತಳವನ್ನು ನೋಡಬೇಕು. ಏರಿಯ ಹೊರಮೈಯಲ್ಲಿ ಫೆಬ್ರವರಿಯಲ್ಲೂ ಹಸಿರು ಹುಲ್ಲು ಇದ್ದರೆ ಅಲ್ಲಿ ಇಲಿಬಿಲ, ಏಡಿಬಿಲ ಅಥವಾ ಕೊಳೆತ ಬೇರಿನ ದಾರಿ ಇರುವ ಸಂಭವವಿದೆ.

ದುರಸ್ತಿ ವಿಧಾನ

ನೀರು ಕನಿಷ್ಠ ಮಟ್ಟಕ್ಕಿಳಿದಿರುವ ಏಪ್ರಿಲ್-ಮೇ ತಿಂಗಳು ಕೆಲಸಕ್ಕೆ ಸೂಕ್ತ. ಆದರೆ ಪ್ರಾಣಿಗಳಿಗೆ ನೀರು ಅತ್ಯಗತ್ಯವಾಗಿರುವುದೂ ಆಗಲೇ. ಸಮೀಪದಲ್ಲಿ ತಾತ್ಕಾಲಿಕ ತೊಟ್ಟಿ ತುಂಬಿಸಿ, ಹಿಂಡು ಅದಕ್ಕೆ ಹೊಂದಿಕೊಂಡ ನಂತರವೇ ಹೊಂಡಕ್ಕೆ ಕೈಹಾಕತಕ್ಕದ್ದು. ಬೆಳಗಿನ ಜಾವ ಮತ್ತು ಸಂಜೆ ಕೆಲಸ ನಿಲ್ಲಿಸಬೇಕು.

ತಳದ ಕಲ್ಲು, ಬೇರುಗಳನ್ನು ತೆಗೆದು, ಕೆರೆಯ ಜೇಡಿ ಅಥವಾ ಸ್ವಲ್ಪ ಮುರಂ ಬೆರೆಸಿದ ಎರೆಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ದಮ್ಮಸು ಮಾಡಲಾಗುತ್ತದೆ. ಮುದ್ದೆ ಕಟ್ಟಿದ ಮಣ್ಣು ಕೈಗೆ ಅಂಟದೆ, ಒಡೆಯದೆ ಇರಬೇಕು, ಇದೇ ಹದ. ಯಂತ್ರ ತಲುಪದ ಕಡೆ ಎತ್ತುಗಳನ್ನು ಸುತ್ತಾಡಿಸಿ ತುಳಿಸುವ ಹಳೆಯ ಕ್ರಮವು ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಇಂತಹ ಮೂರು ಪದರಗಳ ಮೇಲೆ 20 ಸೆಂ.ಮೀ. ಮುರಂ ಹೊದಿಸಿದಲ್ಲಿ ಗೊರಸಿನ ತುಳಿತದಿಂದಲೂ ಬಿಸಿಲಿನ ಬಿರುಕಿನಿಂದಲೂ ಜೇಡಿಗೆ ರಕ್ಷಣೆ ದೊರೆಯುತ್ತದೆ. ಮಧ್ಯಭಾಗವನ್ನು ತುಸು ತಗ್ಗಾಗಿ ಉಳಿಸಿದರೆ ಅಲ್ಲಿ ನಿಂತ ಕೊನೆಯ ನೀರು ತಳವನ್ನು ತೇವವಾಗಿಡುತ್ತದೆ. ಪ್ಲಾಸ್ಟಿಕ್ ಹಾಳೆಯ ಹೊದಿಕೆ ಸುಲಭವಾಗಿ ಕಂಡರೂ ಗೊರಸಿಗೆ ಹರಿಯುತ್ತದೆ. ನುಣುಪಾದ ಇಳಿಜಾರಿನಲ್ಲಿ ಮರಿಗಳು ಜಾರಿ ಬಿದ್ದರೆ ಮೇಲೆ ಬರಲಾರವು. ಕನಿಷ್ಠ ಒಂದು ದಡವಾದರೂ 4 ಮೀಟರಿಗೆ 1 ಮೀಟರ್ ಇಳಿಯುವಷ್ಟು ಓರೆಯಾಗಿರಬೇಕು.

ಏರಿಯ ಸೋರಿಕೆಗೆ ಬಿಲವನ್ನು ಮೇಲಿನಿಂದ ಮುಚ್ಚಿದರೆ ಸಾಲದು. ಅದರ ಪೂರ್ಣ ಉದ್ದಕ್ಕೂ ಅಗೆದು ಜೇಡಿ ತುಂಬಿ ಕುಟ್ಟಬೇಕು. ಏರಿಯ ಮೇಲೆ ಜಾಲಿ, ಬೇವು ಮುಂತಾದ ಮರಗಳನ್ನು ಬೆಳೆಯಲು ಬಿಡದೆ ಹುಲ್ಲನ್ನಷ್ಟೇ ಬೆಳೆಸತಕ್ಕದ್ದು.

ಕಾಯ್ದಿರಿಸಿದ ಅರಣ್ಯದಲ್ಲಿ ಮಣ್ಣು ಅಗೆಯುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ನಿರ್ಬಂಧಕ್ಕೆ ಒಳಪಟ್ಟಿರುತ್ತದೆ. ಶ್ರಮದಾನ ಮಾಡಲಿಚ್ಛಿಸುವ ಗ್ರಾಮಸ್ಥರು ಹಾಗೂ ಸಂಘ-ಸಂಸ್ಥೆಗಳು ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬೇಕು. ದುರಸ್ತಿಯಾದ ಹೊಂಡದ ಅಳತೆಗೋಲನ್ನು ಕೀಳದೆ ಅಲ್ಲಿಯೇ ಬಿಡತಕ್ಕದ್ದು. ಮುಂದಿನ ನವೆಂಬರ್‌ನಲ್ಲಿ ಮತ್ತೊಮ್ಮೆ ರಾತ್ರಿಯ ಇಳಿತವನ್ನು ಅಳೆಯಲು ಅದು ಬೇಕಾಗುತ್ತದೆ.