ಮುತ್ಯಾನ ಕಾಲು ಮತ್ತು 1964ರ ಒಂದು ತಂತಿ

ಹಳೆಯ ಕೊಲ್ಹಾರ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗುವ ಮೊದಲಿನ ಮಾತು. ನಮ್ಮ ಮುತ್ಯಾ ಹೊಲದಿಂದ ಮನೆಗೆ ಬರುವಷ್ಟರಲ್ಲಿ ನಾಲ್ಕು ಕಡೆ ಕೂತು ಏಳುತ್ತಿದ್ದ. ಸ್ವಲ್ಪ ನಡೆದರೆ ಮೀನಖಂಡ ಹಿಡಿಯುತ್ತಿತ್ತು. ಬೀಡಿ ಮಾತ್ರ ಬಿಡಲಿಲ್ಲ. ಒಂದು ಬೇಸಿಗೆಯಲ್ಲಿ ಹೆಬ್ಬೆರಳು ಕಪ್ಪಾಯಿತು. ಕಾಲು ತೆಗೆಯಬೇಕೆಂದರು. "ಕಾಲ ತಗದ್ರ ಹೊಲಕ್ಕ ಹ್ಯಾಂಗ ಹೋಗ್ಲಿ?" ಎಂದು ಮುತ್ಯಾ ಕೇಳಿದ. ಯಾರೂ ಉತ್ತರಿಸಲಿಲ್ಲ. ಅದು 1988.

ಆ ಪ್ರಶ್ನೆಗೆ ಉತ್ತರ ಆಗಲೇ ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣ ಕಂಡುಹಿಡಿದ ಮೇಲೆ ದೇಹವನ್ನು ಕೊಯ್ಯದೆ ಒಳಗನ್ನು ನೋಡುವುದು ಸಾಧ್ಯವಾಯಿತು. 1929ರಲ್ಲಿ ಜರ್ಮನಿಯ ಯುವ ವೈದ್ಯ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದಿಂದ ಹೃದಯದವರೆಗೆ ಸಣ್ಣ ನಳಿಕೆ ತೂರಿಸಿಕೊಂಡು, ತಾನೇ ಎಕ್ಸ್‌ರೇ ಕೋಣೆಗೆ ನಡೆದು ಚಿತ್ರ ತೆಗೆಸಿಕೊಂಡ. ನೊಬೆಲ್ ಬಂದದ್ದು 1956ರಲ್ಲಿ. ಈ ನಡುವೆ, 1953ರಲ್ಲಿ, ಸ್ವೀಡನ್ನಿನ ಸೆಲ್ಡಿಂಗರ್ ದಾರಿಯನ್ನು ಸುಲಭ ಮಾಡಿದ: ಮೊದಲು ಸೂಜಿ, ಸೂಜಿಯೊಳಗೆ ತಂತಿ, ಸೂಜಿ ತೆಗೆದು ತಂತಿಯ ಮೇಲೆ ನಳಿಕೆ.

1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82 ವರ್ಷದ ಅಜ್ಜಿಯೊಬ್ಬಳು ಕಾಲು ಕತ್ತರಿಸಲು ಒಪ್ಪಲಿಲ್ಲ. ಅವಳ ಪಾದವೂ ಕೊಳೆಯತೊಡಗಿತ್ತು. ವಿಕಿರಣ ತಜ್ಞ ಚಾರ್ಲ್ಸ್ ಡಾಟರ್ ಎಕ್ಸ್‌ರೇ ನೋಡುತ್ತ ತೊಡೆಯ ನಾಳದೊಳಗೆ ತಂತಿ ಕಳಿಸಿ, ಅದರ ಮೇಲೆ ನಳಿಕೆ ದೂಡಿ ಕಟ್ಟಿಕೊಂಡ ಜಾಗವನ್ನು ಅಗಲ ಮಾಡಿದ. ಪಾದ ಬೆಚ್ಚಗಾಯಿತು. ಅಜ್ಜಿ ಕೊನೆಯವರೆಗೂ ಸ್ವಂತ ಕಾಲಿನ ಮೇಲೇ ನಡೆದಳು. ಆದರೂ ಡಾಟರನ ವಿದ್ಯೆಗೆ ತವರಿಗಿಂತ ಯುರೋಪಿನಲ್ಲೇ ಹೆಚ್ಚು ಮನ್ನಣೆ ಸಿಕ್ಕಿತು. ಅಲ್ಲಿ ಅದನ್ನು ಕಲಿತ ಗ್ರುಂಟ್‌ಜಿಗ್ ನಳಿಕೆಯ ತುದಿಗೆ ಬಲೂನು ಕಟ್ಟಿದ. 1977ರಲ್ಲಿ ಜ್ಯೂರಿಕ್‌ನಲ್ಲಿ ಅದು ಹೃದಯದ ನಾಳವನ್ನೂ ತೆರೆಯಿತು. ಇಂದು ಬೆಂಗಳೂರಿನ ಜಯದೇವದಲ್ಲಿ ಇದು ದಿನನಿತ್ಯದ ಕೆಲಸ. ಅದರ ಶಾಖೆ ಕಲಬುರಗಿಗೂ ಬಂದಿದೆ.

ಹೋದ ವರ್ಷ ಅಪ್ಪನಿಗೂ ಅದೇ ಮೀನಖಂಡದ ನೋವು. ಈ ಸಲ ನಾವು ಬೆರಳು ಕಪ್ಪಾಗುವವರೆಗೆ ಕಾಯಲಿಲ್ಲ. ತೊಡೆಸಂದಿಗಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟಿದ್ದರಿಂದ ಅಪ್ಪ ಎಚ್ಚರವಾಗಿಯೇ ಪರದೆ ನೋಡುತ್ತಿದ್ದ. ಬಲೂನು ಹಿಗ್ಗಿತು, ಔಷಧದ ಕಪ್ಪು ಗೆರೆ ಪಾದದತ್ತ ಇಳಿಯಿತು. ಹೊರಗೆ ಬಂದು ಹೇಳಿದ: "ಕಾಲುವ್ಯಾಗ ನೀರು ಬಿಟ್ಟಂಗ ಆತು ನೋಡು."

ಎಲ್ಲರ ನಾಳವೂ ಹೀಗೆ ತೆರೆಯುವುದಿಲ್ಲ. ತಡವಾದರೆ ಈಗಲೂ ಕಾಲು ಹೋಗುತ್ತದೆ. ಆದರೆ ಪೋರ್ಟ್‌ಲ್ಯಾಂಡಿನ ಆ ಅಜ್ಜಿಗೂ ನಮ್ಮ ಮುತ್ಯಾನಿಗೂ ನಡುವೆ 24 ವರ್ಷಗಳಿದ್ದವು. ವೈದ್ಯಕೀಯ ಚರಿತ್ರೆ ಶೋಧದ ಇಸವಿ ಬರೆದಿಡುತ್ತದೆ. ಅದು ಕೊಲ್ಹಾರಕ್ಕೆ ಯಾವಾಗ ತಲುಪಿತೆಂಬುದನ್ನು ನಾವೇ ಬರೆದುಕೊಳ್ಳಬೇಕು.